ವೈಸ್ ಬಿಗಿಯಲಿ, ಚಾಕು ತಿರುಗಲಿ

ಹವ್ಯಾಸಕ್ಕೆಂದು ಚಾಕು ಮಾಡಲು ಹೊರಟವರು ಸ್ಟೀಲಿನ ಬಗ್ಗೆ, ಕುಲುಮೆಯ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ವೈಸ್ ಮಾತ್ರ ಅಂಗಡಿಯವನು ಕೊಟ್ಟದ್ದೇ ಆದೀತು. ಕೇಳುವುದು ಒಂದೇ ಪ್ರಶ್ನೆ: ಗಟ್ಟಿಯಾಗಿ ಹಿಡಿಯುತ್ತದೆಯೇ? ನನ್ನ ಪ್ರಕಾರ ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ.

ಲೆಕ್ಕ ಹಾಕಿ ನೋಡಿ. ವೈಸಿನ ಸರಳನ್ನು ತಿರುಪಿನ ನಡುವಿನಿಂದ 15 ಸೆಂ.ಮೀ. ದೂರದಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಕೈ ಸುಮಾರು 94 ಸೆಂ.ಮೀ. ಸಾಗುತ್ತದೆ. ಅಷ್ಟರಲ್ಲಿ ದವಡೆ ಮುಂದೆ ಬರುವುದು 5 ಮಿ.ಮೀ. ಅಷ್ಟೇ. ಅಂದರೆ ಬಲ 188 ಪಟ್ಟು. ಘರ್ಷಣೆ ಐದರಲ್ಲಿ ನಾಲ್ಕು ಪಾಲು ನುಂಗಿತೆಂದುಕೊಂಡರೂ, 20 ಕೆ.ಜಿ. ಭಾರದಷ್ಟು ಒತ್ತಿದ ಕೈಗೆ 700 ಕೆ.ಜಿ.ಗೂ ಮಿಕ್ಕ ಹಿಡಿತ ಸಿಗುತ್ತದೆ. ನುಂಗುವ ಆ ಘರ್ಷಣೆಯನ್ನು ಬೈಯುವಂತಿಲ್ಲ. ಕೈ ಬಿಟ್ಟ ಮೇಲೂ ತಿರುಪು ಬಿಚ್ಚಿಕೊಳ್ಳದೆ ನಿಲ್ಲುವುದು ಅದರಿಂದಲೇ.

ಚಾಕುವಿಗೆ ಇಷ್ಟು ಬಲ ಬೇಕಿಲ್ಲ, ಅಪಾಯ ಕೂಡ. ದವಡೆಯ ಗಡಸು ಹಲ್ಲುಗಳು ಮೆತ್ತನೆಯ ಸ್ಟೀಲಿನ ಮೇಲೆ ಅಚ್ಚೊತ್ತುತ್ತವೆ. ಕಾಯಿಸಿ ಎಣ್ಣೆಗೆ ಅದ್ದಿದ, ಇನ್ನೂ ಟೆಂಪರ್ ಮಾಡದ ಅಲಗು ಗಾಜಿನಂತೆ ಸಿಡಿಯಬಲ್ಲದು. ತಾಮ್ರದ ಇಲ್ಲವೇ ಅಲ್ಯೂಮಿನಿಯಂ ತಗಡನ್ನು ಮಡಚಿ ದವಡೆಗಳಿಗೆ ತೊಡಿಸುವುದು ಇದಕ್ಕೇ. ಇನ್ನೊಂದು ತೊಡಕು ಚಾಕುವಿನ ಆಕಾರದ್ದು. ಅಲಗಿನ ಅಡ್ಡಕೊಯ್ತ ಬೆಣೆ, ದವಡೆಗಳೋ ಸಮಾನಾಂತರ. ಅವು ಬೆನ್ನಿನ ಬಳಿ ಗೆರೆಯಷ್ಟು ಜಾಗವನ್ನು ಮಾತ್ರ ಮುಟ್ಟುತ್ತವೆ, ಅರ ಉಜ್ಜಿದೊಡನೆ ಅಲಗು ಹೊರಳುತ್ತದೆ. ಹಾಗಾಗಿ ಹಿಡಿಯ ಪಕ್ಕದ ಚಪ್ಪಟೆ ಭಾಗವನ್ನೇ ಕಚ್ಚಿಸಬೇಕು.

ಕೊಳ್ಳುವಾಗ ದವಡೆಯನ್ನು ಅರ್ಧ ತೆರೆದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಹೆಚ್ಚು ಆಡಿದರೆ ಬೇಡ. ಬುಡದಲ್ಲಿ ತಿರುಗುವ ಸ್ವಿವೆಲ್ ವೈಸಿಗೆ ಹೆಚ್ಚು ದುಡ್ಡು ಕೊಡಬೇಡಿ. ಅದು ತಿರುಗುವುದು ಬುಗುರಿಯ ಹಾಗೆ, ನೆಟ್ಟಗಿನ ಅಕ್ಷದ ಸುತ್ತ. ಚಾಕುವಿಗೆ ಬೇಕಾದ ತಿರುವೇ ಬೇರೆ. ಸುತ್ತಿಗೆ ಕೆಲಸವಿದ್ದರೆ ಬೀಡು ಕಬ್ಬಿಣದ ಬೆಂಚ್ ವೈಸನ್ನು ಬಿಟ್ಟುಬಿಡಿ. ಒತ್ತಡ ತಾಳುವ ಬೀಡು, ಏಟಿಗೆ ಬಿರಿಯುತ್ತದೆ. ಹಳೇ ಕಮ್ಮಾರಸಾಲೆಗಳಲ್ಲಿ ಕಾಣುವ ಲೆಗ್ ವೈಸ್ ಬಡಿದು ಮಾಡಿದ್ದು. ಅದರ ಉದ್ದನೆಯ ಕಾಲು ಏಟನ್ನು ನೆಲಕ್ಕೆ ದಾಟಿಸುತ್ತದೆ. ಗುಜರಿಯಲ್ಲಿ ಸಿಕ್ಕರೆ ಚೌಕಾಸಿ ಮಾಡದೆ ತನ್ನಿ.

ಇನ್ನು ಹಿಡಿ ರೂಪಿಸುವ ಕೆಲಸ. ಅರ ಭುಜದಿಂದ ನೇರವಾಗಿ ಚಲಿಸುತ್ತದೆ, ಹಿಡಿಯೋ ಮೊಟ್ಟೆದುಂಡು. ಹಾಗಾಗಿ ಅರ ಒಂದೇ ದಾರಿಯಲ್ಲಿ ಓಡಬೇಕು, ಹಿಡಿ ತನ್ನುದ್ದದ ಅಕ್ಷದ ಸುತ್ತ ಇಷ್ಟಿಷ್ಟೇ ತಿರುಗಬೇಕು. ಇಂಥ ವೈಸನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದಿಂಚಿನ ಸಿ ಕ್ಲಾಸ್ ಪೈಪಿನ ಒಳವ್ಯಾಸ 25 ಮಿ.ಮೀ.ಗಿಂತ ತುಸು ಹೆಚ್ಚು. ಅದರೊಳಗೆ 25 ಮಿ.ಮೀ. ಸರಳು ಸಲೀಸಾಗಿ ತಿರುಗುತ್ತದೆ. ಒಳಗಿನ ಬೆಸುಗೆಯ ಏಣನ್ನು ಮೊದಲು ಉಜ್ಜಿ ತೆಗೆಯಬೇಕು. ಪೈಪಿನ ಕೆಳಗೆ ಒಂದು ಪಟ್ಟಿ ಬೆಸೆದರೆ ನಿಮ್ಮ ಮಾಮೂಲಿ ಬೆಂಚ್ ವೈಸೇ ಅದನ್ನು ಹಿಡಿದುಕೊಳ್ಳುತ್ತದೆ. ಸರಳನ್ನು ನಿಲ್ಲಿಸಲು ಪೈಪಿಗೆ ತೂತು ಕೊರೆದು ಬೋಲ್ಟ್ ಹಾಕುವುದು ಸುಲಭ, ಆದರೆ ಅದು ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಪೈಪಿನ ತುದಿಯನ್ನು ಉದ್ದಕ್ಕೆ ಸೀಳಿ, ಎರಡು ಕಿವಿ ಬೆಸೆದು ಬಿಗಿದರೆ ಸರಳನ್ನು ಸುತ್ತಲೂ ತಬ್ಬಿ ಹಿಡಿಯುತ್ತದೆ.

ಸರಳಿನ ತುದಿಗೆ ಎರಡು ದಪ್ಪ ಪಟ್ಟಿ, ನಡುವೆ ಚರ್ಮ, ಅದರೊಳಗೆ ಅಲಗು. ಹಿಡಿಯ ನಡುಗೆರೆ ಸರಳಿನ ನಡುಗೆರೆಗೆ ಕೂಡಬೇಕು. ತಪ್ಪಿದರೆ ಅರದ ಪ್ರತಿ ಒತ್ತೂ ಸರಳನ್ನು ತಿರುಚಲು ನೋಡುತ್ತದೆ. ಪೈಪಿನಿಂದ ಹೊರಚಾಚಿದ ಸರಳಿನ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಅದರ ಬಾಗು ಎಂಟನೇ ಒಂದಕ್ಕೆ ಇಳಿಯುತ್ತದೆ. 20ರ ಬದಲು 25 ಮಿ.ಮೀ. ಸರಳು ಹಾಕಿದರೆ ಬಾಗದಿರುವ ಶಕ್ತಿ ಸುಮಾರು ಎರಡೂವರೆ ಪಟ್ಟು. ಅರ ಕಿರುಗುಟ್ಟಿ ನಡುಗುತ್ತಿದ್ದರೆ ಮೊದಲು ಚಾಚನ್ನೇ ಕಡಿಮೆ ಮಾಡಿ.

ಬೆಂಚ್ ವೈಸ್ ಮೊಣಕೈ ಎತ್ತರಕ್ಕಿರಲಿ, ಈ ಪೈಪಿನ ವೈಸನ್ನು ಅದಕ್ಕಿಂತ ಗೇಣು ಮೇಲಕ್ಕೆ ಏರಿಸಿ. ಹಿಡಿಯ ವಕ್ರತೆಯನ್ನು ಕಣ್ಣು ಹತ್ತಿರದಿಂದ ನೋಡುತ್ತಿರಬೇಕು. ಅಲಗಿನ ಮೊನೆಗೆ ಟೇಪು ಸುತ್ತಿ, ಸಾಣೆ ಹಿಡಿಯುವುದನ್ನು ಕೊನೆಗೆ ಇಟ್ಟುಕೊಳ್ಳಿ.