ಪಡಪ್ಪಕ್ಕರದ ಶಂಖಗಳು ದಾಖಲೆಗೆ ಸೇರಿದ ಬಗೆ

ಕಲ್ಲಿನೊಳಗಿಂದ ಹೊರಬಂದ ಮಾತ್ರಕ್ಕೆ ಪಳೆಯುಳಿಕೆ ವಿಜ್ಞಾನದ ಲೆಕ್ಕಕ್ಕೆ ಸೇರುವುದಿಲ್ಲ. ಅದರ ವಿವರಣೆ ಚಿತ್ರಸಮೇತ ಅಚ್ಚಾಗಬೇಕು. ಹೊಸ ಪ್ರಭೇದವಾದರೆ ಹೆಸರಿಡಬೇಕು, ಆ ಹೆಸರನ್ನು ಹೊರುವ ಒಂದು ಮಾದರಿಯನ್ನು ಗುರುತಿಸಬೇಕು. ಈ ಮಾದರಿಗೆ ಹೋಲೋಟೈಪ್ ಎಂದು ಹೆಸರು.

ಕೇರಳದ ತಿರುವನಂತಪುರದಿಂದ ವರ್ಕಲ ದಾಟಿ ಉತ್ತರಕ್ಕೆ ಹೋದರೆ ಕೊಲ್ಲಂ. ಅಷ್ಟಮುಡಿ ಹಿನ್ನೀರಿನ ದಂಡೆಯ ಪಡಪ್ಪಕ್ಕರದಲ್ಲಿ ಸುಮಾರು 1.7 ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನ ಪದರವಿದೆ. ಇದರ ಮಾದರಿಗಳನ್ನು ಮೊದಲು ಹೊರಗಿನವರ ಗಮನಕ್ಕೆ ತಂದವನು ತಿರುವಾಂಕೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ವಿಲಿಯಂ ಕಲ್ಲೆನ್. ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್ ಆಗಿದ್ದ ಎಚ್. ಜೆ. ಕಾರ್ಟರ್ 1853ರಲ್ಲಿ ಇಲ್ಲಿನ ಒಂದು ಫೊರಾಮಿನಿಫೆರಾಗೆ, ಅಂದರೆ ಚಿಪ್ಪುಳ್ಳ ಏಕಕೋಶ ಜೀವಿಗೆ, ‘ಆರ್ಬಿಟೊಲೈಟಿಸ್ ಮಲಬಾರಿಕಾ’ ಎಂದು ಹೆಸರಿಟ್ಟ. ಕುಲದ ಹೆಸರು ಈಗ ‘ಸ್ಯೂಡೊಟಬೆರಿನಾ’ ಎಂದಾಗಿದೆ, ‘ಮಲಬಾರಿಕಾ’ ಹಾಗೇ ಉಳಿದಿದೆ. ಕುಲ ಬದಲಾದುದರ ಗುರುತಾಗಿ ಕಾರ್ಟರನ ಹೆಸರನ್ನು ಆವರಣದೊಳಗೆ ಬರೆಯುತ್ತಾರೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1861ರಿಂದ ಪಳೆಯುಳಿಕೆಗಳ ವಿವರಣಾ ಬರಹಗಳಿಗೆಂದೇ ‘ಪೇಲಿಯಂಟೊಲೋಜಿಯಾ ಇಂಡಿಕಾ’ ಮಾಲೆಯನ್ನು ಹೊರತಂದಿತು. ಕೊಲ್ಲಂನ ಮೃದ್ವಂಗಿಗಳ ಬಗ್ಗೆ ಎ. ಕೆ. ಡೇ ಬರೆದ ಗ್ರಂಥ 1962ರಲ್ಲಿ ಅದೇ ಮಾಲೆಯಲ್ಲಿ ಬಂತು. 2014ರಲ್ಲಿ ಆಸ್ಟ್ರಿಯಾದ ಮಥಿಯಾಸ್ ಹಾರ್ಝ್‌ಹೌಸರ್ ಪಡಪ್ಪಕ್ಕರದ ಶಂಖ, ಬಸವನಹುಳುಗಳನ್ನೇ ಹಿಡಿದು ನೂರು ಪುಟ ಮೀರಿದ ಲೇಖನ ಪ್ರಕಟಿಸಿದರು. ಅದು ಅಚ್ಚಾದ ಜರ್ಮನಿಯ ‘ಪೇಲಿಯಂಟೊಗ್ರಾಫಿಕಾ’ 1846ರಿಂದ ನಡೆದುಬಂದ ಪತ್ರಿಕೆ.

ಇಂಥ ವಿವರಣಾ ಬರಹದ ಕ್ರಮ ಬಹಳ ಕಟ್ಟುನಿಟ್ಟು. ಚಿಪ್ಪಿನ ಎತ್ತರ, ಸುರುಳಿಗಳ ಸಂಖ್ಯೆ, ಬಾಯಿಯ ಆಕಾರ, ಏಣುಗಳ ಅಂತರ ಒಂದನ್ನೂ ಬಿಡುವಂತಿಲ್ಲ. ಹತ್ತಿರದ ಪ್ರಭೇದಗಳಿಗಿಂತ ಇದು ಹೇಗೆ ಬೇರೆ ಎಂಬುದನ್ನು ಒಂದೊಂದಾಗಿ ತೋರಿಸಬೇಕು. ಫೋಟೋ ತೆಗೆಯುವ ಮುನ್ನ ಅಮೋನಿಯಂ ಕ್ಲೋರೈಡ್, ಅಂದರೆ ಕಲಾಯಿಯವರು ಬಳಸುವ ನವಸಾಗರದ ಹೊಗೆ ಹಿಡಿಸಿದರೆ ಚಿಪ್ಪಿನ ಮೇಲೆ ತೆಳ್ಳನೆ ಬಿಳಿಯ ಲೇಪ ಕೂರುತ್ತದೆ. ಬಣ್ಣದ ಕಲೆಗಳು ಮರೆಯಾಗಿ ಗೆರೆಗಳು ಎದ್ದು ಕಾಣುತ್ತವೆ. ಬೆಳಕು ಎಡ ಮೇಲ್ಮೂಲೆಯಿಂದ ಬೀಳುವಂತೆ ನೋಡಿಕೊಳ್ಳುವುದು ವಾಡಿಕೆ. ಇಲ್ಲವಾದರೆ ಉಬ್ಬು ಯಾವುದು, ತಗ್ಗು ಯಾವುದು ಎಂದು ಓದುಗನಿಗೆ ಗೊಂದಲವಾದೀತು.

ಓದಲು ಇದು ಒಣ ಬರಹವೇ ಸರಿ. ಆದರೆ ಕೊಲ್ಲಂ ಬಳಿ ಒಮ್ಮೆ ಆಳವಿಲ್ಲದ ಕಡಲಹುಲ್ಲಿನ ಬಯಲಿತ್ತು ಎಂದು 2011ರಲ್ಲಿ ಸಂಶೋಧಕರು ಹೇಳಲು ಸಾಧ್ಯವಾದದ್ದು ಹುಲ್ಲಿನ ನಡುವೆ ಬಾಳುವ ಇಂಥ ಜೀವಿಗಳನ್ನು ಗುರುತಿಸಿದ್ದರಿಂದಲೇ. ಇಷ್ಟಾದರೂ ಉಲ್ಲೇಖಗಳ ಎಣಿಕೆಯಲ್ಲಿ ವಿವರಣಾ ಲೇಖನಗಳಿಗೆ ಸಿಗುವ ಅಂಕ ಕಡಿಮೆ. ಇದು ಅನ್ಯಾಯ.

ಅಚ್ಚಾಗಬೇಕೆಂಬ ನಿಯಮ ಮಾತ್ರ ಈಗ ಸಡಿಲಗೊಂಡಿದೆ: ಪ್ರಾಣಿಗಳ ಹೆಸರಿನ ಮಟ್ಟಿಗೆ 2012ರಿಂದ ಕಾಗದದ ಪ್ರತಿ ಕಡ್ಡಾಯವಲ್ಲ. ‘ಜೂಬ್ಯಾಂಕ್’ನಲ್ಲಿ ನೋಂದಾಯಿಸಿದ ವಿದ್ಯುನ್ಮಾನ ಪ್ರಕಟಣೆಯೂ ನಿಯಮಕ್ಕೆ ಒಪ್ಪಿತ.