ಮನೆಯೊಳಗಿನ ಮುನ್ನೀರು

ಸಿಂಧನೂರಿನ ಪೇಟೆಯಲ್ಲಿ ಅಕ್ಕಿ ಸಿಗುತ್ತದೆ, ಟ್ರ್ಯಾಕ್ಟರು ಸಿಗುತ್ತದೆ, ಸಮುದ್ರವೊಂದು ಸಿಗುವುದಿಲ್ಲ. ಅರಬ್ಬೀ ಕಡಲು ಇಲ್ಲಿಂದ ನೆಟ್ಟಗೆ ಹಾರುವ ಹಕ್ಕಿಗೂ 250 ಕಿಲೋಮೀಟರಿಗೆ ಕಡಿಮೆಯಿಲ್ಲದ ದೂರ. ಇಂಥ ಊರಿನಲ್ಲಿ, ನಲವತ್ತು ದಾಟಿದ ಕನ್ನಡ ಅಧ್ಯಾಪಕನೊಬ್ಬ ತನ್ನ ಪಡಸಾಲೆಯಲ್ಲಿ ಸಮುದ್ರವನ್ನು ಸ್ಥಾಪಿಸಲು ಹೊರಟನೆಂದರೆ ನೆರೆಹೊರೆಯವರು ನಗದೆ ಇನ್ನೇನು ಮಾಡಿಯಾರು?

ಇದಕ್ಕೆ ಕಾರಣಳಾದವಳು ಲಿಂಗಸುಗೂರಿನ ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ. ನಾನು ದಿನವೂ ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿಬರುವವನು. ಅಂದು ಹಳಗನ್ನಡ ಪಾಠದಲ್ಲಿ ‘ಮುನ್ನೀರ್’ ಎಂಬ ಪದ ಬಂದಿತು. ಮುನ್ನೀರೆಂದರೆ ಮೊದಲ ನೀರೋ, ಮೂರು ಬಗೆಯ ನೀರೋ ಎಂಬ ಚರ್ಚೆಯನ್ನು ನಾನು ಉತ್ಸಾಹದಿಂದ ಎತ್ತಿಕೊಂಡೆ. ಆಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಿತು: “ಸರ್, ಸಮುದ್ರದ ನೀರು ನಮ್ಮ ಬೋರಿನ ನೀರಿಗಿಂತ ಉಪ್ಪಿರತಾವೇನ್ರಿ?” ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಸಮುದ್ರವನ್ನು ಕಾಣದ ಆ ಹುಡುಗಿ, ತಾನು ಕಂಡ ಉಪ್ಪಿನಿಂದ ಕಾಣದ ಉಪ್ಪನ್ನು ಅಳೆಯುತ್ತಿದ್ದಳು. ಪದದ ವ್ಯುತ್ಪತ್ತಿಯನ್ನು ಬಲ್ಲ ನಾನು ಪದಾರ್ಥವನ್ನು ತೋರಿಸಲಾರದೆ ಹೋದೆ.

ಹಾಗೆಂದು ನಾನು ಕಡಲನ್ನು ಅರಿಯದವನಲ್ಲ. ಮಂಗಳೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ಉಳ್ಳಾಲದ ಬಾಡಿಗೆಯ ಕೋಣೆಯಲ್ಲಿ ಉಪ್ಪುನೀರಿನ ಮೀನುಗಳ ಗಾಜಿನ ತೊಟ್ಟಿಯೊಂದನ್ನು ಇಟ್ಟುಕೊಂಡಿದ್ದೆ. ಸೋಮೇಶ್ವರದ ತೀರದಿಂದ ಕ್ಯಾನುಗಳಲ್ಲಿ ನೀರು ಹೊತ್ತು ತರುತ್ತಿದ್ದೆ. ಒಂದು ಬೇಸಗೆಯಲ್ಲಿ ಅಪ್ಪನಿಗೆ ಮೈ ನೆಟ್ಟಗಿಲ್ಲವೆಂದು ಊರಿಗೆ ಬಂದು ಮೂರು ವಾರ ನಿಲ್ಲಬೇಕಾಯಿತು. ಕೋಣೆಯ ಗೆಳೆಯ ಬಹಳ ಒಳ್ಳೆಯವನು. ತೊಟ್ಟಿಯ ನೀರು ತಗ್ಗಿದಾಗಲೆಲ್ಲ ಮೀನಿಗೆ ಕಷ್ಟವಾಗಬಾರದೆಂದು ಸಮುದ್ರದ ನೀರನ್ನೇ ತಂದು ತುಂಬಿದ. ನಾನು ಹಿಂತಿರುಗಿದಾಗ ತೊಟ್ಟಿ ತುಂಬಿತ್ತು, ಮೀನುಗಳು ಸತ್ತಿದ್ದವು.

ಕಾರಣ ಅತ್ಯಂತ ಸರಳ. ಬಿಸಿಲಿಗೆ ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿಯುತ್ತದೆ. ಹೋದ ನೀರಿನ ಜಾಗಕ್ಕೆ ಸಿಹಿನೀರನ್ನು ಸುರಿಯಬೇಕೇ ಹೊರತು ಮತ್ತೆ ಉಪ್ಪುನೀರನ್ನಲ್ಲ. ಇದನ್ನು ಗೆಳೆಯನಿಗೆ ಹೇಳಿ ಹೋಗದ ತಪ್ಪು ನನ್ನದು. ಅಂದು ಖಾಲಿ ಮಾಡಿದ ತೊಟ್ಟಿಯನ್ನು ಇಪ್ಪತ್ತು ವರ್ಷ ನಾನು ಮತ್ತೆ ಮುಟ್ಟಲಿಲ್ಲ. ವಿದ್ಯಾರ್ಥಿನಿಯ ಪ್ರಶ್ನೆ ಬಂದ ಮೇಲೆ, ಕಳೆದ ದೀಪಾವಳಿಯ ರಜೆಯಲ್ಲಿ, ಇನ್ನೂರು ಲೀಟರು ನೀರು ಹಿಡಿಯುವ ಹೊಸ ತೊಟ್ಟಿ ನಮ್ಮ ಪಡಸಾಲೆಗೆ ಬಂದಿತು.

ಕಡಲಿನಿಂದ ದೂರದ ಊರಿನಲ್ಲಿ ಕಡಲನ್ನು ಸಾಕುವ ಹುಚ್ಚು ನನಗೆ ಮೊದಲು ಹಿಡಿದದ್ದೇನೂ ಅಲ್ಲ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕಿಯ ಸಮುದ್ರತೀರದಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು, ಅವುಗಳ ನೀರನ್ನು ತೆರೆದ ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಸುರಿಸಿ ಗಾಳಿಯಾಡಿಸುತ್ತಿದ್ದಳು. ಸುರಿಯುವ ಕೆಲಸ ಮಾತ್ರ ಮನೆಯ ಸೇವಕಿಯ ಪಾಲಿಗೆ ಬಂದಿತ್ತು! 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ತನ್ನ ‘ದಿ ಅಕ್ವೇರಿಯಂ’ ಗ್ರಂಥವನ್ನು ಪ್ರಕಟಿಸಿದನು. ಲವಣಗಳನ್ನು ಬೆರೆಸಿ ಸಮುದ್ರದ ನೀರನ್ನು ಮನೆಯಲ್ಲಿಯೇ ತಯಾರಿಸುವ ಕ್ರಮವನ್ನು ರೂಪಿಸಿದವನೂ ಅವನೇ. ನಾನು ಹಿಡಿದದ್ದು ಗಾಸನ ದಾರಿ.

ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಂದರೆ ಇನ್ನೂರು ಲೀಟರಿಗೆ ಏಳು ಕಿಲೋ. ಅಡಿಗೆಯ ಉಪ್ಪು ಇದಕ್ಕೆ ಸಾಲದು. ಸೋಡಿಯಂ, ಕ್ಲೋರೈಡುಗಳೆರಡೂ ಸೇರಿ ಕಡಲಿನ ಲವಣದಲ್ಲಿ ನೂರಕ್ಕೆ 85 ಪಾಲು. ಉಳಿದ ಪಾಲಿನಲ್ಲಿ ಮೆಗ್ನೀಸಿಯಂ, ಸಲ್ಫೇಟು, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಇರುತ್ತವೆ. ಆ ಹದದ ಮಿಶ್ರಣವನ್ನು ಬೆಂಗಳೂರಿನಿಂದ ತರಿಸಿದೆ. ಬೋರಿನ ನೀರು ಈ ಕೆಲಸಕ್ಕೆ ಬಾರದಾದ್ದರಿಂದ, ಶುದ್ಧ ಕುಡಿಯುವ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಹತ್ತು ಬಾರಿ ತಂದೆ. ಎದುರುಮನೆಯ ಯಜಮಾನರು ಕೇಳಿಯೇ ಬಿಟ್ಟರು: “ಮಂದಿ ಉಪ್ಪು ತಗಸಾಕ ಫಿಲ್ಟರ್ ನೀರು ಕುಡೀತಾರ. ನೀವು ಫಿಲ್ಟರ್ ನೀರಿಗೆ ಉಪ್ಪು ಹಾಕಾಕ ಹತ್ತೀರಲ್ರೀ ಸರ!”

ನೀರಿನ ಸಾಪೇಕ್ಷ ಸಾಂದ್ರತೆ 1.025ಕ್ಕೆ ಬಂದಿತು. ಇನ್ನು ಕಲ್ಲು ಬೇಕು. ಮಸ್ಕಿಯ ಗುಡ್ಡದ ಕಲ್ಲನ್ನೇ ಇಡೋಣವೆಂದು ಮಗ ಸೂಚಿಸಿದ. ಅವನ ಮಾತಿನಲ್ಲಿ ಅವನಿಗೇ ತಿಳಿಯದ ಔಚಿತ್ಯವಿತ್ತು. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರರ ಕಣ್ಣಿಗೆ ಅಶೋಕನ ಹೆಸರುಳ್ಳ ಶಾಸನ ಬಿದ್ದದ್ದರಿಂದ ಮಸ್ಕಿಯನ್ನು ನಾವು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ಹೇಳಿಕೊಂಡು ಹಿಗ್ಗುತ್ತೇವೆ. ಭೂವಿಜ್ಞಾನಿಗಳು ಹೇಳುವ ಲೆಕ್ಕ ಬೇರೆ. ಹಟ್ಟಿಯಿಂದ ಮಸ್ಕಿಯವರೆಗಿನ ಕಪ್ಪು ಶಿಲೆಯ ಪಟ್ಟಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಇದೆ. ಲಾವಾ ನೀರಿನೊಳಗೆ ಉಕ್ಕಿ ಥಟ್ಟನೆ ತಣಿದಾಗ ಮಾತ್ರ ಆ ಆಕಾರ ಬರುತ್ತದೆ. ಆ ಶಿಲೆಗೆ ಸುಮಾರು 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಆದಕಾರಣ ಕಡಲು ನಮ್ಮ ಸೀಮೆಗೆ ಹೊಸದಲ್ಲ. ಆದರೂ ಲೋಹದ ಅದಿರು ಬೆರೆತ ಕಲ್ಲು ಮೀನಿಗೆ ವಿಷವಾಗಬಹುದೆಂದು ಮಗನ ಸಲಹೆಯನ್ನು ಒಪ್ಪಲಿಲ್ಲ. ಹವಳವನ್ನೂ ತರಲಿಲ್ಲ; ಅದನ್ನು 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯಕ್ಕೆ ಸೇರಿಸಲಾಗಿದೆ. ಅಕ್ವೇರಿಯಂಗೆಂದೇ ಮಾರುವ ಸುಣ್ಣಕಲ್ಲಿನ ತುಂಡುಗಳು ಸಾಕಾದವು.

ಆಮೇಲೆ ಆರು ವಾರ ಕಾದದ್ದೇ ಕೆಲಸ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ; ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಅಷ್ಟು ಕೇಡಿಲ್ಲದ ನೈಟ್ರೇಟಾಗಿ ಮಾಡುತ್ತವೆ. ಈ ಕಾಣದ ಒಕ್ಕಲು ಕಲ್ಲಿನ ಮೇಲೆ ನೆಲೆಯೂರುವವರೆಗೆ ಮೀನನ್ನು ಬಿಡುವಂತಿಲ್ಲ. ಚಿಟಿಕೆ ಆಹಾರವನ್ನು ಖಾಲಿ ನೀರಿಗೆ ಹಾಕುತ್ತ, ಹನಿಮದ್ದಿನಿಂದ ನೀರನ್ನು ಪರೀಕ್ಷಿಸುತ್ತ ಕುಳಿತೆ. “ಮೀನಿಲ್ಲದ ನೀರಿಗೆ ನೈವೇದ್ಯ ಮಾಡತಾನ,” ಎಂದು ಅವ್ವ ಬಂದವರಿಗೆಲ್ಲ ಹೇಳಿದಳು.

ಕೊನೆಗೆ ಎರಡು ಕ್ಲೌನ್ ಮೀನುಗಳು ಬಂದವು: ಕಿತ್ತಳೆ ಬಣ್ಣದ ಮೈಗೆ ಮೂರು ಬಿಳಿಯ ಪಟ್ಟೆ. ಸಮುದ್ರದಿಂದ ಹಿಡಿದು ತಂದವಲ್ಲ, ತೊಟ್ಟಿಯಲ್ಲಿಯೇ ಹುಟ್ಟಿದವು. ಈ ಜಾತಿಯ ಮರಿಗಳನ್ನು ತೊಟ್ಟಿಗಳಲ್ಲಿ ಬೆಳೆಸುವ ವಿದ್ಯೆಯನ್ನು ಮಂಡಪಂನ ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯ ಕೇಂದ್ರ ನಮ್ಮ ದೇಶದಲ್ಲಿಯೇ ಸಾಧಿಸಿದೆ. ಗಂಡು ಯಾವುದು, ಹೆಣ್ಣು ಯಾವುದೆಂದು ಅವ್ವ ಕೇಳಿದಳು. ಇವೆಲ್ಲ ಹುಟ್ಟುವಾಗ ಗಂಡೇ. ಜೋಡಿಯಲ್ಲಿ ಬಲವಾದದ್ದು ಹೆಣ್ಣಾಗುತ್ತದೆ ಎಂದೆ. “ಹಂಗಾದ್ರ ಆ ಮನ್ಯಾಗ ಯಾರ ಮಾತು ನಡೀತದ ಅಂತ ಕೇಳೂದು ಬ್ಯಾಡ,” ಎಂದಳು.

ಚಳಿಗಾಲ ಸುಖವಾಗಿ ಕಳೆಯಿತು. ಆಮೇಲೆ ಬಂದದ್ದು ರಾಯಚೂರು ಸೀಮೆಯ ಬೇಸಗೆ. ಹೊರಗೆ 40 ಡಿಗ್ರಿ ದಾಟಿದಾಗ, 26 ಡಿಗ್ರಿಯಲ್ಲಿರಬೇಕಾದ ನೀರು ಕಾಯತೊಡಗಿತು. ನೀರಿನ ಮೇಲೆ ಫ್ಯಾನು ಬೀಸಿಸಿದೆ. ನೀರು ತಣಿಯಿತು, ಅಷ್ಟೇ ವೇಗವಾಗಿ ಆರತೊಡಗಿತು. ಗಾಜಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ದಿನವೂ ಬೆಳಗ್ಗೆ ಗೆರೆಯವರೆಗೆ ಸಿಹಿನೀರು ತುಂಬಿದೆ. ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಲೀಟರು ಹಳೆಯ ನೀರನ್ನು ತೆಗೆದು, ಅಷ್ಟೇ ಹೊಸ ಉಪ್ಪುನೀರನ್ನು ಕೂಡಿಸಿದೆ. ಹಾಗೆ ತೆಗೆದ ನೀರನ್ನು ಮೊದಲ ಸಲ ಮೈಮರೆತು ಹಿತ್ತಿಲಿನ ಕರಿಬೇವಿನ ಬುಡಕ್ಕೆ ಸುರಿದೆ. ಎರಡು ವಾರದಲ್ಲಿ ಗಿಡ ಒಣಗಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಒಣಗಿದ ಗಿಡವನ್ನು ಕಿತ್ತು ಹಾಕಲೂ ಇಲ್ಲ.

ಆ ಗಿಡವನ್ನು ನೋಡಿ ನಿಂತವನು ಹಳ್ಳಿಯಿಂದ ಬಂದ ನನ್ನ ಅಣ್ಣ. ಅವನು ಮಾಡುತ್ತಿರುವುದು ಅಪ್ಪ ಬಿಟ್ಟುಹೋದ ಮೂರೆಕರೆ ಎರೆಹೊಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಪೂರ್ಣಗೊಂಡು, ಬಳಿಕ ಕಾಲುವೆ ನಮ್ಮ ಸೀಮೆಗೆ ಇಳಿದು ಬಂದದ್ದು ಬರಗಾಲದ ಮಕ್ಕಳಿಗೆ ದೇವರೇ ಬಂದಂತಾಗಿತ್ತು. ಯೋಜನೆ ಹಾಕಿದವರು ಜೋಳ, ಹತ್ತಿ, ಶೇಂಗಾಗಳಂಥ ಅರೆನೀರಾವರಿ ಬೆಳೆಗಳಿಗೆ ಹೆಚ್ಚಿನ ನೀರನ್ನು ಎಣಿಸಿದ್ದರು; ರೈತರು ಭತ್ತ ನಟ್ಟರು. ಮೇಲಿನ ಹೊಲಗಳಿಗೆ ನೀರು ಮಿಕ್ಕಿತು, ಕಾಲುವೆಯ ಕೊನೆಯವರಿಗೆ ಸಾಲದಾಯಿತು. ತಗ್ಗಿನ ಎರೆಹೊಲಗಳಲ್ಲಿ ಅಂತರ್ಜಲ ಮೇಲೇರಿತು. ನೀರು ಬಿಸಿಲಿಗೆ ಹೋಯಿತು. ಮಣ್ಣಿನದೂ ನೀರಿನದೂ ಆದ ಲವಣ ಮೇಲೆ ಉಳಿಯಿತು. ಸವಳು-ಜವಳು ಎಂದು ಸರ್ಕಾರದ ಕಾಗದಗಳು ಕರೆಯುವುದು ಇದನ್ನೇ. ನಮ್ಮ ಹೊಲದ ಕೆಳಗಿನ ಅರ್ಧ ಇಂದು ಬೇಸಗೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಪೈರು ಬಡವಾದಾಗಲೆಲ್ಲ ಅಪ್ಪ ಇನ್ನಷ್ಟು ನೀರು ಕಟ್ಟುತ್ತಿದ್ದ. ಉಳ್ಳಾಲದ ನನ್ನ ಗೆಳೆಯನಂತೆ ಅವನೂ ಬಹಳ ಒಳ್ಳೆಯವನು.

ತೊಟ್ಟಿಯ ಗೆರೆ ಏಕೆ, ತೆಗೆದುಹಾಕುವ ನೀರು ಏಕೆ ಎಂದು ಅಣ್ಣ ಕೇಳಿದ. ಹೇಳಿದೆ. ಅವನು ಬಹಳ ಹೊತ್ತು ಮೀನುಗಳನ್ನು ನೋಡುತ್ತ ಕುಳಿತು, “ತಮ್ಮಾ, ಅಂದ್ರ ನಮ್ಮ ಹೊಲಕ್ಕ ಬೇಕಾಗಿದ್ದು ನೀರು ಬರೂ ದಾರಿ ಅಲ್ಲ, ಹೋಗೂ ದಾರಿ,” ಎಂದ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ನೆಲದ ವಿಷಯದಲ್ಲಿ ಬಹುಕಾಲದಿಂದ ದುಡಿಯುತ್ತ ಬಂದಿದ್ದಾರೆ. ಅವರು ಹೇಳುವುದೂ ಇದೇ ಮಾತು: ಸಿಹಿನೀರಿನಿಂದ ಉಪ್ಪನ್ನು ತೊಳೆಯಬೇಕು, ತೊಳೆದ ನೀರು ಬಸಿದುಹೋಗಲು ದಾರಿ ಬೇಕು. ಅಣ್ಣ ಅವರನ್ನು ಕಂಡು ಬಂದಿದ್ದಾನೆ. ಬಸಿಗಾಲುವೆ ತೋಡಿದರೆ ಅದು ಕೆಳಗಿನ ಇಬ್ಬರ ಹೊಲಗಳನ್ನು ಹಾಯ್ದು ಹಳ್ಳ ಸೇರಬೇಕು. ನಮ್ಮ ಉಪ್ಪನ್ನು ತಮ್ಮ ಹೊಲದ ಬದಿಯಲ್ಲಿ ಹರಿಯಗೊಡಲು ಅವರು ಏಕೆ ಒಪ್ಪಬೇಕು? ಕರಿಬೇವಿನ ಬುಡಕ್ಕೆ ನೀರು ಸುರಿದ ನನಗೆ ಅವರ ಅಂಜಿಕೆ ಅರ್ಥವಾಗುತ್ತದೆ. ಅವರ ಹೊಲಗಳಿಗೂ ಸೇರಿಸಿಯೇ ಬಸಿಗಾಲುವೆ ತೋಡೋಣವೆಂದು ಅಣ್ಣ ಕೇಳಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.

ವಿದ್ಯಾರ್ಥಿನಿ ಒಂದು ಭಾನುವಾರ ಗೆಳತಿಯರೊಂದಿಗೆ ನಮ್ಮ ಮನೆಗೆ ಬಂದಿದ್ದಳು. ಹೊಸದಾಗಿ ಕಲಸಿಟ್ಟಿದ್ದ ಉಪ್ಪುನೀರಿನಲ್ಲಿ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡು ಮುಖ ಕಿವಿಚಿದಳು. “ನಮ್ಮ ಬೋರೇ ಚಲೋ ಬಿಡ್ರಿ ಸರ್,” ಎಂದಳು. ಮುನ್ನೀರೆಂದರೆ ಮೊದಲ ನೀರೋ ಮೂರು ನೀರೋ ಎಂಬುದು ಅಂದು ನಿರ್ಣಯವಾಗಲಿಲ್ಲ. ಅವರು ಹೋದಮೇಲೆ, ಪೆನ್ಸಿಲಿನ ಗೆರೆಯವರೆಗೆ ಒಂದು ತಂಬಿಗೆ ಸಿಹಿನೀರನ್ನು ತುಂಬಿಸಿದೆ.