ಪಿಜಿಗೆ ಹೈದರಾಬಾದ್ ಕೇಂದ್ರೀಯ ವಿವಿ ಸೇರಬೇಕೇ? ಸೀಟು ಒಪ್ಪಿಕೊಳ್ಳುವ ಮುನ್ನ ಯೋಚಿಸಬೇಕಾದ ಸಂಗತಿಗಳಿವು

ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿ.ಮೀ. ದೂರ. ಹೈದರಾಬಾದ್ 140 ಕಿ.ಮೀ. ಆಸುಪಾಸು. ಕಲಬುರಗಿ, ರಾಯಚೂರು ಜಿಲ್ಲೆಯವರಿಗೂ ಹತ್ತಿರದ ಮಹಾನಗರ ಹೈದರಾಬಾದೇ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಪದವಿ ಮುಗಿಸಿದ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳು ಎಂಎ, ಎಂಎಸ್ಸಿಗೆ ಹೈದರಾಬಾದ್ ಕಡೆ ನೋಡುವುದು ಸಹಜ.

ಹಾಗೆ ನೋಡುವವರ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಹೈದರಾಬಾದ್ ವಿಶ್ವವಿದ್ಯಾಲಯ. ಜನರ ಬಾಯಲ್ಲಿ ಇದು ಎಚ್‌ಸಿಯು, ಅಂದರೆ ಹೈದರಾಬಾದ್ ಕೇಂದ್ರೀಯ ವಿವಿ. ಇದು ಉಸ್ಮಾನಿಯಾ ಅಲ್ಲ. ಉಸ್ಮಾನಿಯಾ 1918ರಲ್ಲಿ ಆರಂಭವಾದ ಹಳೆಯ ವಿವಿ, ಅದರಡಿ ನೂರಾರು ಪದವಿ ಕಾಲೇಜುಗಳಿವೆ. ಎಚ್‌ಸಿಯು ಹುಟ್ಟಿದ್ದೇ ಸ್ನಾತಕೋತ್ತರ ಶಿಕ್ಷಣ ಮತ್ತು ಸಂಶೋಧನೆಗಾಗಿ. ಬಿಎ, ಬಿಎಸ್ಸಿ, ಬಿಕಾಂ ಕಾಲೇಜುಗಳು ಇದರ ಅಡಿಯಲ್ಲಿಲ್ಲ.

ಅಲ್ಲಿ ಸೀಟು ಸಿಕ್ಕರೆ ಊರ ಹತ್ತಿರದ ವಿವಿ ಬಿಟ್ಟು ಹೋಗುವುದು ಲಾಭವೇ? ಮನೆಯವರು ಕೇಳುವ ಪ್ರಶ್ನೆ ಇದು. ಉತ್ತರ ಎಲ್ಲರಿಗೂ ಒಂದೇ ಅಲ್ಲ. ಪಿಜಿ ಮುಗಿದ ಮೇಲೆ ಏನು ಮಾಡಬೇಕೆಂದಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ.

ಪಿಜಿಗೇ ಮೀಸಲಾದ ವಿವಿ ಯಾಕೆ ಬಂತು?

1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿವಿಗಳು ಶುರುವಾದಾಗ ಅವುಗಳ ಮುಖ್ಯ ಕೆಲಸ ಪರೀಕ್ಷೆ ನಡೆಸಿ ಪದವಿ ಕೊಡುವುದಾಗಿತ್ತು. ಪಾಠ ನಡೆಯುತ್ತಿದ್ದುದು ಕಾಲೇಜುಗಳಲ್ಲಿ. ಮುಂದೆ ವಿವಿಗಳೇ ಪಿಜಿ ವಿಭಾಗಗಳನ್ನು ತೆರೆದವು. ಕರ್ನಾಟಕದಲ್ಲೂ ಇದೇ ಕ್ರಮ. ಕುವೆಂಪು ಕುಲಪತಿಯಾಗಿದ್ದಾಗ 1960ರಲ್ಲಿ ರೂಪುಗೊಂಡ ಮೈಸೂರಿನ ಮಾನಸಗಂಗೋತ್ರಿ ಪಿಜಿ ವಿಭಾಗಗಳ ಕ್ಯಾಂಪಸ್. ಗುಲಬರ್ಗಾ ವಿವಿ 1980ರಲ್ಲಿ ಸ್ವತಂತ್ರವಾಗುವ ಮೊದಲು ಧಾರವಾಡದ ಕರ್ನಾಟಕ ವಿವಿಯ ಪಿಜಿ ಕೇಂದ್ರವಾಗಿತ್ತು.

ಹಾಗಾದರೆ ವ್ಯತ್ಯಾಸವೇನು? ರಾಜ್ಯದ ಈ ವಿವಿಗಳಿಗೆ ಎರಡು ಹೊರೆ. ಕ್ಯಾಂಪಸ್‌ನಲ್ಲಿ ಪಿಜಿ ಪಾಠ ನಡೆಯಬೇಕು, ಜತೆಗೆ ಸಂಯೋಜಿತ ಕಾಲೇಜುಗಳ ಸಾವಿರಾರು ಪದವಿ ವಿದ್ಯಾರ್ಥಿಗಳ ಪಠ್ಯಕ್ರಮ, ಪರೀಕ್ಷೆ, ಮೌಲ್ಯಮಾಪನ, ಫಲಿತಾಂಶವನ್ನೂ ನೋಡಿಕೊಳ್ಳಬೇಕು. 1969ರಲ್ಲಿ ದೆಹಲಿಯ ಜೆಎನ್‌ಯು, 1974ರಲ್ಲಿ ಎಚ್‌ಸಿಯು ಸ್ಥಾಪನೆಯಾದಾಗ ಆ ಎರಡನೇ ಹೊರೆಯನ್ನು ಹೊರಿಸಲಿಲ್ಲ.

ಎಚ್‌ಸಿಯು ಹುಟ್ಟಿನ ಹಿಂದೆ ರಾಜಕೀಯವೂ ಇದೆ. ತೆಲಂಗಾಣ ಮತ್ತು ಆಂಧ್ರ ಚಳವಳಿಗಳ ನಂತರ 1973ರಲ್ಲಿ ಆರು ಅಂಶಗಳ ಸೂತ್ರ ಬಂತು. ಹೈದರಾಬಾದ್‌ನಲ್ಲಿ ಕೇಂದ್ರೀಯ ವಿವಿ ಸ್ಥಾಪಿಸುವುದು ಅದರ ಒಂದು ಅಂಶ. ಇದಕ್ಕಾಗಿ ಸಂವಿಧಾನಕ್ಕೆ 371ಇ ವಿಧಿ ಸೇರಿಸಲಾಯಿತು. ಸರೋಜಿನಿ ನಾಯ್ಡು ಅವರ ಮನೆ 'ಗೋಲ್ಡನ್ ಥ್ರೆಶೋಲ್ಡ್'ನಲ್ಲಿ ಆರಂಭವಾದ ವಿವಿ ನಂತರ ಗಚ್ಚಿಬೌಲಿಗೆ ಸ್ಥಳಾಂತರಗೊಂಡಿತು. 2019ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ 'ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್' ಸ್ಥಾನ ನೀಡಿದೆ.

ವಿದ್ಯಾರ್ಥಿಗೆ ಇದರಿಂದ ಸಿಗುವುದೇನು?

ಮೊದಲನೆಯದು, ಅಧ್ಯಾಪಕರ ಸಮಯ. ನೂರಾರು ಕಾಲೇಜುಗಳ ಉತ್ತರ ಪತ್ರಿಕೆ ಕಟ್ಟುಗಳು ಇಲ್ಲದ ಕಡೆ ಅಧ್ಯಾಪಕರ ಕೆಲಸ ಪಿಜಿ ತರಗತಿ, ಪಿಎಚ್‌ಡಿ ಮಾರ್ಗದರ್ಶನ ಮತ್ತು ಸ್ವಂತ ಸಂಶೋಧನೆಯ ಸುತ್ತಲೇ ಇರುತ್ತದೆ. ಪಾಠ ಮಾಡುವವರೇ ಪ್ರಶ್ನೆಪತ್ರಿಕೆ ತಯಾರಿಸಿ ಮೌಲ್ಯಮಾಪನ ಮಾಡುವುದರಿಂದ ಗೈಡ್ ಓದಿ ಪಾಸಾಗುವ ದಾರಿ ಇಲ್ಲಿ ಕಿರಿದು.

ಎರಡನೆಯದು, ಸುತ್ತಲಿನ ಜನ. ಪಕ್ಕದ ಲ್ಯಾಬ್‌ನಲ್ಲಿ, ಹಾಸ್ಟೆಲ್‌ನಲ್ಲಿ ಪಿಎಚ್‌ಡಿ ಮಾಡುತ್ತಿರುವ ಸೀನಿಯರ್‌ಗಳಿರುತ್ತಾರೆ. ಸಂಶೋಧನಾ ಪ್ರಸ್ತಾವ ಬರೆಯುವುದು ಹೇಗೆ, ಯಾವ ಪ್ರಾಧ್ಯಾಪಕರ ಬಳಿ ಯಾವ ಕೆಲಸ ನಡೆಯುತ್ತಿದೆ ಎಂಬುದು ಮೆಸ್‌ನ ಮಾತುಕತೆಯಲ್ಲೇ ಗೊತ್ತಾಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಪಿಜಿ ಮೆಟ್ಟಿಲು ಹತ್ತಿದವರಿಗೆ ಬೇರೆ ಕಡೆ ಸುಲಭವಾಗಿ ಸಿಗದ ಮಾಹಿತಿ ಇದು.

ಮೂರನೆಯದು, ನಗರ. ಸಿಸಿಎಂಬಿ, ಐಐಸಿಟಿ, ಎನ್‌ಜಿಆರ್‌ಐನಂಥ ರಾಷ್ಟ್ರೀಯ ಪ್ರಯೋಗಾಲಯಗಳು ಹೈದರಾಬಾದ್‌ನಲ್ಲೇ ಇವೆ. ಟಿಐಎಫ್‌ಆರ್ ಕೇಂದ್ರ ಮತ್ತು ಟ್ರಿಪಲ್ ಐಟಿ ಎಚ್‌ಸಿಯುಗೆ ಹತ್ತಿರದಲ್ಲಿವೆ. ವಿಜ್ಞಾನ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್, ಉಪನ್ಯಾಸದ ಅವಕಾಶ ಹುಡುಕಲು ಊರು ದಾಟಬೇಕಿಲ್ಲ.

ಕೊರತೆಗಳೇನು?

ಪಿಜಿ ಎಂದರೆ ಎರಡೇ ವರ್ಷ, ನಾಲ್ಕು ಸೆಮಿಸ್ಟರ್. ಮೊದಲ ಸೆಮಿಸ್ಟರ್ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ. ಮೂರನೆಯದರ ಹೊತ್ತಿಗೆ ಎನ್‌ಇಟಿ, ಗೇಟ್, ಪಿಎಚ್‌ಡಿ ಅರ್ಜಿ ಅಥವಾ ಕೆಲಸದ ಹುಡುಕಾಟ ಶುರುವಾಗುತ್ತದೆ. ಮಧ್ಯೆ ಉಳಿಯುವ ಸಮಯ ಬಹಳ ಕಡಿಮೆ. ಪದವಿಯಲ್ಲಿ ಬುನಾದಿ ಸಡಿಲವಾಗಿದ್ದರೆ ಅದನ್ನು ಸರಿಪಡಿಸಿಕೊಳ್ಳುವ ಕೆಳಗಿನ ತರಗತಿ ಪಿಜಿಯಲ್ಲಿ ಇರುವುದಿಲ್ಲ. ಪದವಿಯಲ್ಲಿ ಒಂದು ವಿಷಯ ಓದಿ ಪಿಜಿಗೆ ಬೇರೆ ವಿಷಯ ಆರಿಸಿಕೊಂಡವರಿಗೆ ಈ ಕಷ್ಟ ಹೆಚ್ಚು.

ಪದವಿಯನ್ನು ಸಂಶೋಧನೆಯಿಂದ ದೂರ ಇಟ್ಟದ್ದು ಸರಿಯಲ್ಲ ಎಂಬ ಟೀಕೆಯೂ ಹಳೆಯದು. 2006ರಿಂದ ಆರಂಭವಾದ ಐಸರ್‌ಗಳು ಪಿಯುಸಿ ಮುಗಿಸಿದವರನ್ನೇ ಸಂಶೋಧನಾ ವಾತಾವರಣಕ್ಕೆ ತರುವ ಉದ್ದೇಶದವು. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಐಐಎಸ್ಸಿ ಕೂಡ 2011ರಲ್ಲಿ ನಾಲ್ಕು ವರ್ಷದ ಪದವಿ ಕೋರ್ಸ್ ಆರಂಭಿಸಿತು. ಎಚ್‌ಸಿಯುನಲ್ಲೂ ಈಗ ಪಿಯುಸಿ ನಂತರದ ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸ್‌ಗಳಿವೆ. ಹಾಗಾಗಿ ಅದನ್ನು ನೂರಕ್ಕೆ ನೂರು ಪಿಜಿ ವಿವಿ ಎನ್ನಲಾಗದು. ಆದರೂ ಅದರ ಗುರುತು ಪಿಜಿ ಮತ್ತು ಪಿಎಚ್‌ಡಿಯದ್ದೇ.

ಭಾಷೆಯದ್ದು ಮತ್ತೊಂದು ಸಮಸ್ಯೆ. ಪಿಯುಸಿ ನಂತರದ ಸಿಯುಇಟಿ-ಯುಜಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು. ಸಿಯುಇಟಿ-ಪಿಜಿಯಲ್ಲಿ ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಇತಿಹಾಸ, ಸಮಾಜಶಾಸ್ತ್ರ ಓದಿದವರಿಗೆ ಬಾಗಿಲಲ್ಲೇ ಪರೀಕ್ಷೆ. ಸೇರಿದ ಮೇಲೂ ಸೆಮಿನಾರ್, ಅಸೈನ್‌ಮೆಂಟ್ ಎಲ್ಲವೂ ಇಂಗ್ಲಿಷ್‌ನಲ್ಲಿ. ಕಷ್ಟವಾದರೂ ದಾಟಲಾಗದ್ದಲ್ಲ. ಆದರೆ ಮೊದಲ ಆರು ತಿಂಗಳು ಇದಕ್ಕೇ ಹೋಗುತ್ತದೆ ಎಂದು ತಿಳಿದೇ ಹೋಗಬೇಕು.

ಕ್ಯಾಂಪಸ್ ರಾಜಕೀಯ ಚುರುಕಾಗಿದೆ. 2016ರ ಜನವರಿ 17ರಂದು ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಆತ್ಮಹತ್ಯೆ ಮಾಡಿಕೊಂಡಿದ್ದು ವಿವಿಗಳಲ್ಲಿನ ಜಾತಿ ತಾರತಮ್ಯದ ಪ್ರಶ್ನೆಯನ್ನು ದೇಶದ ಮುಂದಿಟ್ಟಿತು. 2025ರ ಏಪ್ರಿಲ್‌ನಲ್ಲಿ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಮರ ಕಡಿಯುವುದರ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದರು. ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿ ಕಡಿಯುವುದನ್ನು ನಿಲ್ಲಿಸಿತು. ಕೆಲವರಿಗೆ ಈ ವಾತಾವರಣ ಓದಿನಷ್ಟೇ ದೊಡ್ಡ ಪಾಠ, ಕೆಲವರಿಗೆ ಅದರಿಂದ ಕಿರಿಕಿರಿ. ಯಾವ ವಿವಿಗೇ ಸೇರುವುದಾದರೂ ಅಲ್ಲಿನ ಎಸ್‌ಸಿ-ಎಸ್‌ಟಿ ಘಟಕ, ಆಪ್ತಸಮಾಲೋಚನೆ ವ್ಯವಸ್ಥೆ ಹೇಗಿದೆ ಎಂದು ಈಗಿನ ವಿದ್ಯಾರ್ಥಿಗಳನ್ನೇ ಕೇಳುವುದು ಒಳ್ಳೆಯದು.

ಗುರಿ ಯಾವುದು? ಲೆಕ್ಕಾಚಾರ ಅದರಂತೆ

ಪಿಎಚ್‌ಡಿ, ಸಂಶೋಧನೆ: ಹೋಗುವುದರಲ್ಲಿ ಲಾಭ ಹೆಚ್ಚು. ಎನ್‌ಇಟಿಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಕೇಂದ್ರೀಯ ವಿವಿಗಳಲ್ಲಿ ಜೆಆರ್‌ಎಫ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗಳಿಗೂ 8,000 ರೂಪಾಯಿಯ ನಾನ್-ನೆಟ್ ಫೆಲೋಶಿಪ್ ಇದೆ. ಎನ್‌ಇಟಿ ಅಂಕಗಳನ್ನು ಪಿಎಚ್‌ಡಿ ಪ್ರವೇಶಕ್ಕೆ ಬಳಸಲು ಯುಜಿಸಿ 2024ರಲ್ಲಿ ಅವಕಾಶ ಮಾಡಿಕೊಟ್ಟಿದೆ. ಈ ಹಾದಿಯಲ್ಲಿ ಸಂಶೋಧಕರ ನಡುವೆ ಕಳೆದ ಎರಡು ವರ್ಷ ಕೈಹಿಡಿಯುತ್ತದೆ.

ಪದವಿ ಕಾಲೇಜು ಅಧ್ಯಾಪಕ ಹುದ್ದೆ: ನಿಯಮದ ಪ್ರಕಾರ ಬೇಕಿರುವುದು ಪಿಜಿಯಲ್ಲಿ ಶೇ 55 ಅಂಕ (ಮೀಸಲಾತಿ ಇದ್ದವರಿಗೆ ಶೇ 50) ಮತ್ತು ಎನ್‌ಇಟಿ ಅಥವಾ ಕೆಸೆಟ್. ಧಾರವಾಡದ ಎಂಎ ಆಗಲಿ, ಹೈದರಾಬಾದಿನ ಎಂಎ ಆಗಲಿ ಅರ್ಹತೆ ಒಂದೇ. ಎಲ್ಲಿ ಓದಿದರೆ ಎನ್‌ಇಟಿ ಚೆನ್ನಾಗಿ ಬರೆಯಬಲ್ಲಿರಿ ಎಂಬುದಷ್ಟೇ ಪ್ರಶ್ನೆ.

ಪಿಯು ಉಪನ್ಯಾಸಕ ಹುದ್ದೆ: ಪಿಜಿ ಜತೆಗೆ ಬಿ.ಇಡಿ ಬೇಕು. ವಿವಿಯ ಹೆಸರಿನಿಂದ ಇಲ್ಲಿ ವಿಶೇಷ ಲಾಭವಿಲ್ಲ. ಪಿಜಿ ಮತ್ತು ಬಿ.ಇಡಿ ಎರಡಕ್ಕೂ ಸೇರಿ ನಾಲ್ಕು ವರ್ಷದ ಖರ್ಚು ಲೆಕ್ಕ ಹಾಕಿದಾಗ ಮನೆಯ ಹತ್ತಿರದ ವಿವಿಯೇ ಹಗುರ.

ಕೆಎಎಸ್, ಯುಪಿಎಸ್‌ಸಿ: ಈ ಪರೀಕ್ಷೆಗಳಿಗೆ ಪದವಿ ಸಾಕು. ಹಾಸ್ಟೆಲ್ ಮತ್ತು ಲೈಬ್ರರಿಗಾಗಿ ಮಾತ್ರ ಪಿಜಿ ಸೀಟು ಹಿಡಿದರೆ ಸೆಮಿಸ್ಟರ್ ಕೆಲಸ ಮತ್ತು ಪರೀಕ್ಷಾ ತಯಾರಿ ಎರಡೂ ಕೈತಪ್ಪುವ ಅಪಾಯವಿದೆ.

ನೇರ ಖಾಸಗಿ ಉದ್ಯೋಗ: ಎಂಸಿಎ, ಎಂಬಿಎ, ಎಂ.ಟೆಕ್, ಸಂವಹನದಂಥ ಕೋರ್ಸ್‌ಗಳಿಗೂ ಶುದ್ಧ ವಿಜ್ಞಾನ, ಮಾನವಿಕ ಕೋರ್ಸ್‌ಗಳಿಗೂ ಉದ್ಯೋಗಾವಕಾಶ ಬೇರೆ ಬೇರೆ. ವಿವಿಯ ಒಟ್ಟಾರೆ ಪ್ಲೇಸ್‌ಮೆಂಟ್ ಅಂಕಿ ನೋಡಿ ಮೋಸ ಹೋಗಬಾರದು. ನಿಮ್ಮ ವಿಭಾಗದಿಂದ ಕಳೆದ ಎರಡು ವರ್ಷ ಹೊರಬಂದವರು ಈಗ ಎಲ್ಲಿದ್ದಾರೆ ಎಂದು ಕೇಳಬೇಕು.

ರ‍್ಯಾಂಕಿಂಗ್ ನೋಡುವವರಿಗೂ ಇದೇ ಮಾತು ಅನ್ವಯ. 2016ರಿಂದ ಬರುತ್ತಿರುವ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ವಿವಿಗಳಿಗೆ ಬೋಧನೆ ಮತ್ತು ಸಂಪನ್ಮೂಲಕ್ಕೆ ಶೇ 30, ಸಂಶೋಧನೆಗೆ ಶೇ 30, ಪದವಿ ಫಲಿತಾಂಶಕ್ಕೆ ಶೇ 20 ತೂಕವಿದೆ. ಇದು ಇಡೀ ಸಂಸ್ಥೆಯ ಸರಾಸರಿ. ನೀವು ಸೇರುವ ವಿಭಾಗದಲ್ಲಿ ಎಷ್ಟು ಅಧ್ಯಾಪಕ ಹುದ್ದೆ ಖಾಲಿ ಇದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಕರ್ನಾಟಕದವರು ಗಮನಿಸಬೇಕಾದದ್ದು

ರಾಜ್ಯದ ಶಿಕ್ಷಣ ಸಂಸ್ಥೆಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆ 371ಜೆ ಅಡಿ ಸಿಗುವ ಮೀಸಲಾತಿ ಎಚ್‌ಸಿಯುನಲ್ಲಿ ಇಲ್ಲ. ಅಲ್ಲಿ ಕೇಂದ್ರದ ಮೀಸಲಾತಿ: ಎಸ್‌ಸಿ ಶೇ 15, ಎಸ್‌ಟಿ ಶೇ 7.5, ಒಬಿಸಿ ಶೇ 27, ಇಡಬ್ಲ್ಯುಎಸ್ ಶೇ 10. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ಎಂದು ಖಚಿತಪಡಿಸಿಕೊಂಡು, ಕೇಂದ್ರದ ನಮೂನೆಯಲ್ಲೇ ಕೆನೆಪದರವಲ್ಲದ ಪ್ರಮಾಣಪತ್ರವನ್ನು ಮುಂಚಿತವಾಗಿ ಮಾಡಿಸಿಕೊಳ್ಳಬೇಕು. ಎಸ್‌ಎಸ್‌ಪಿ ಮೂಲಕ ಈವರೆಗೆ ಬರುತ್ತಿದ್ದ ವಿದ್ಯಾರ್ಥಿವೇತನ ಹೊರರಾಜ್ಯದ ಕೋರ್ಸ್‌ಗೂ ಸಿಗುತ್ತದೆಯೇ ಎಂದು ಇಲಾಖೆಯಲ್ಲಿ ವಿಚಾರಿಸಿಯೇ ಖರ್ಚಿನ ಲೆಕ್ಕ ಹಾಕಬೇಕು.

ಎಂಎ, ಎಂಎಸ್ಸಿ ಪ್ರವೇಶ ಸಿಯುಇಟಿ-ಪಿಜಿ ಮೂಲಕ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. 2024 ಮತ್ತು 2025ರಲ್ಲಿ ಪರೀಕ್ಷೆ ಮಾರ್ಚ್‌ನಲ್ಲಿ ಶುರುವಾಗಿತ್ತು. ಅಂದರೆ ಅಂತಿಮ ವರ್ಷದ ಫಲಿತಾಂಶ ಬಂದ ಮೇಲೆ ಯೋಚಿಸೋಣ ಎಂದರೆ ತಡವಾಗುತ್ತದೆ. ಎಂಸಿಎಗೆ ನಿಮ್‌ಸೆಟ್, ಎಂಬಿಎಗೆ ಕ್ಯಾಟ್, ಎಂ.ಟೆಕ್‌ಗೆ ಗೇಟ್ ಬರೆಯಬೇಕು. ಸಿಯುಇಟಿ ಬರೆದರಷ್ಟೇ ಸಾಲದು, ವಿವಿಯ ಪೋರ್ಟಲ್‌ನಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಇದನ್ನು ಮರೆತು ಸೀಟು ಕಳೆದುಕೊಳ್ಳಬೇಡಿ.

ಇನ್ನೊಂದು ಬದಲಾವಣೆ ಗಮನದಲ್ಲಿರಲಿ. ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ ಒಂದು ವರ್ಷದ ಪಿಜಿ ಸಾಕು ಎಂಬ ಚೌಕಟ್ಟನ್ನು ಯುಜಿಸಿ 2024ರಲ್ಲಿ ಪ್ರಕಟಿಸಿದೆ. ಅಂಥವರು ಶೇ 75 ಅಂಕ ಪಡೆದಿದ್ದರೆ ನೇರವಾಗಿ ಪಿಎಚ್‌ಡಿಗೂ ಅರ್ಜಿ ಹಾಕಬಹುದು. ಆದರೆ ಕರ್ನಾಟಕ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಆ ಬ್ಯಾಚ್‌ನಿಂದ ಮೂರು ವರ್ಷದ ಪದವಿ ಪಡೆಯುವವರಿಗೆ ಎರಡು ವರ್ಷದ ಪಿಜಿಯೇ ಸಂಶೋಧನೆಯ ದಾರಿ. ಎಲ್ಲಿ ಪಿಜಿ ಮಾಡಬೇಕು ಎಂಬ ಆಯ್ಕೆಗೆ ಅವರ ಪಾಲಿಗೆ ತೂಕ ಹೆಚ್ಚು.

ಸೀಟು ಒಪ್ಪಿಕೊಳ್ಳುವ ಮುನ್ನ ಇಷ್ಟು ಮಾಡಿ

* ವಿವಿ ವೆಬ್‌ಸೈಟ್‌ನಲ್ಲಿ ನಿಮ್ಮ ವಿಭಾಗದ ಅಧ್ಯಾಪಕರ ಪಟ್ಟಿ ತೆರೆಯಿರಿ. ನಿಮ್ಮ ಆಸಕ್ತಿಯ ವಿಷಯದಲ್ಲಿ ಕೆಲಸ ಮಾಡುವವರು ಕನಿಷ್ಠ ಇಬ್ಬರಾದರೂ ಇದ್ದಾರೆಯೇ ನೋಡಿ.
* ಅದೇ ವಿಭಾಗದ ಇಬ್ಬರು ಹಾಲಿ ವಿದ್ಯಾರ್ಥಿಗಳ ಜತೆ ಮಾತನಾಡಿ.
* ಹಾಸ್ಟೆಲ್ ಸಿಗುವುದು ಖಚಿತವೇ ಕೇಳಿ. ಗಚ್ಚಿಬೌಲಿ ಐಟಿ ಕಂಪನಿಗಳ ಪ್ರದೇಶ, ಹೊರಗೆ ರೂಮು ಮಾಡಿದರೆ ಖರ್ಚು ಬೇರೆಯೇ ಆಗುತ್ತದೆ.
* ಕಲಬುರಗಿ, ಮೈಸೂರು, ಧಾರವಾಡದ ಅದೇ ವಿಭಾಗದ ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಕನ್ನಡ ಸಾಹಿತ್ಯ, ಶಾಸನ, ಜಾನಪದದಂಥ ವಿಷಯಗಳಿಗೆ ಕರ್ನಾಟಕದ ವಿವಿಗಳೇ ಮುಂದು.

ವಿಷಯದ ಮೇಲೆ ಪ್ರೀತಿ ಇದ್ದು, ಅದರಲ್ಲೇ ಮುಂದೆ ಹೋಗುವ ಮನಸ್ಸಿದ್ದು, ಮೊದಲ ಸೆಮಿಸ್ಟರ್‌ನಿಂದಲೇ ದುಡಿಯಲು ಸಿದ್ಧರಿದ್ದರೆ 140 ಕಿ.ಮೀ. ಪ್ರಯಾಣ ಸಾರ್ಥಕ. ಮಾರ್ಕ್ಸ್‌ ಕಾರ್ಡ್‌ ಮೇಲೆ ದೊಡ್ಡ ಹೆಸರಿರಲಿ ಎಂಬ ಒಂದೇ ಕಾರಣಕ್ಕಾದರೆ, ಆ ಎರಡು ವರ್ಷ ಮತ್ತು ಮನೆಯವರ ದುಡ್ಡನ್ನು ಎಲ್ಲಿ ಹಾಕಬೇಕು ಎಂದು ಇನ್ನೊಮ್ಮೆ ಯೋಚಿಸುವುದು ಒಳಿತು.